ವಿಕಟಕವಿ 46 ಬೈಟಿಂದ 17ಕ್ಕೆ ಇಳಿದಿದ್ದು ಹೇಗೆ: ಪ್ರೊಲಾಗ್‌ನಲ್ಲಿ ಕೋಡ್ ಗಾಲ್ಫ್

ಒಂದು ಪದ ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇನಾ ಅಂತ ಪರೀಕ್ಷೆ ಮಾಡೋ ಪ್ರೋಗ್ರಾಮ್ ಬರೀಬೇಕು, ಚಿಕ್ಕೋರಿದ್ದಾಗ ಎಲ್ರೂ ಕೇಳಿರ್ತೀವಲ್ಲ, ವಿಕಟಕವಿ, ನವಜೀವನ, ಕನಕ, ಆ ಥರದ ಪದಗಳು. ಪ್ರೊಲಾಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿದಾಗ ನಾನು ಇದನ್ನ 46 ಬೈಟಲ್ಲಿ (ಇಂಗ್ಲಿಷಿನ ಒಂದು ಅಕ್ಷರ ಹಿಡಿಯೋ ಜಾಗ ಒಂದು ಬೈಟ್) ಬರೆದಿದ್ದೆ, ಈಗ ಅದೇ ಕೆಲಸಕ್ಕೆ 17 ಬೈಟ್ ಸಾಕು. ಮಧ್ಯದಲ್ಲಿದ್ದ 29 ಬೈಟ್ ಎಲ್ಲಿ ಹೋಯ್ತು ಅಂತ ಹೇಳಿದ್ರೆ ಪ್ರೊಲಾಗ್ ಅನ್ನೋ ಭಾಷೆ ಒಳಗೆ ಹೇಗೆ ಯೋಚನೆ ಮಾಡುತ್ತೆ ಅನ್ನೋದೂ ಜೊತೆಗೇ ಅರ್ಥ ಆಗುತ್ತೆ, ಅದಕ್ಕೇ ಇದನ್ನ ಬರೀತಿದೀನಿ.

ಕೋಡ್ ಗಾಲ್ಫ್ ಗೊತ್ತಿಲ್ಲದೋರಿಗೆ: ಗಾಲ್ಫ್ ಆಟದಲ್ಲಿ ಕಡಿಮೆ ಹೊಡೆತದಲ್ಲಿ ಚೆಂಡನ್ನ ಗುಂಡಿಗೆ ಹಾಕಿದೋರು ಗೆಲ್ತಾರೆ, ಇಲ್ಲಿ ಕಡಿಮೆ ಬೈಟಲ್ಲಿ ಕೆಲಸ ಮುಗಿಸಿದೋರು ಗೆಲ್ತಾರೆ. ಅಷ್ಟೇ. ವೇಗ, ಅಂದ ಚೆಂದ, ನಾಳೆ ಬೇರೆಯೋರು ಓದಿದ್ರೆ ಅರ್ಥ ಆಗುತ್ತಾ ಅನ್ನೋದು ಯಾವುದೂ ಲೆಕ್ಕಕ್ಕಿಲ್ಲ.

ಪ್ರೊಲಾಗ್ ಹುಟ್ಟಿದ್ದು 1972ರಲ್ಲಿ, ಫ್ರಾನ್ಸಿನ ಮಾರ್ಸೇಲಲ್ಲಿ, ಅಲೆನ್ ಕೋಲ್ಮರೋರ್ ಮತ್ತು ಫಿಲಿಪ್ ರೂಸೆಲ್ ಕೈಯಲ್ಲಿ, ಹಿಂದೆ ಎಡಿನ್‌ಬರಾದ ರಾಬರ್ಟ್ ಕೊವಾಲ್ಸ್ಕಿ ಅವರ ತರ್ಕದ ಕೆಲಸ ಇತ್ತು. ಇದರಲ್ಲಿ ನಾವು "ಮೊದಲು ಇದನ್ನ ಮಾಡು, ಆಮೇಲೆ ಅದನ್ನ ಮಾಡು" ಅಂತ ಹೇಳಲ್ಲ, "ಇದು ನಿಜ, ಇದಾದ್ರೆ ಅದೂ ನಿಜ" ಅಂತ ಹೇಳ್ತೀವಿ, ಉತ್ತರ ಹುಡುಕೋದು ಅದರ ಕೆಲಸ.

ಕೋಡ್ ತೋರಿಸೋಕೆ ಮುಂಚೆ ಒಂದು ವಿಷಯ. ಎಸ್‌ಡಬ್ಲ್ಯುಐ-ಪ್ರೊಲಾಗ್‌ನಲ್ಲಿ (ಪ್ರೊಲಾಗ್ ಕೋಡ್ ಓಡಿಸೋ ಒಂದು ಸಾಫ್ಟ್‌ವೇರ್, ಯಾನ್ ವೀಲೆಮಾಕರ್ 1987ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಶುರು ಮಾಡಿದ್ದು, ಇವತ್ತು ಹೆಚ್ಚಿನೋರು ಬಳಸೋದು ಇದನ್ನೇ) ಹೆಸರುಗಳನ್ನ ನೇರ ಕನ್ನಡದಲ್ಲೇ ಬರೀಬಹುದು. ಪ್ರೊಲಾಗ್‌ನಲ್ಲಿ ಸಣ್ಣಕ್ಷರದಿಂದ ಶುರುವಾದ್ರೆ ಅದು ಹೆಸರು, ದೊಡ್ಡಕ್ಷರದಿಂದ ಅಥವಾ ಅಂಡರ್‌ಸ್ಕೋರಿಂದ ಶುರುವಾದ್ರೆ ವೇರಿಯಬಲ್, ಅಂದ್ರೆ ಬೆಲೆ ಇನ್ನೂ ಗೊತ್ತಿಲ್ಲದ ಖಾಲಿ ಜಾಗ. ಕನ್ನಡದಲ್ಲಿ ಸಣ್ಣದು ದೊಡ್ಡದು ಅನ್ನೋ ಭೇದ ಇಲ್ಲ, ಹಾಗಾಗಿ ಕನ್ನಡ ಪದ ಸುಮ್ನೆ ಬರೆದ್ರೆ ಹೆಸರು, ಅದರ ಶುರುವಲ್ಲಿ ಅಂಡರ್‌ಸ್ಕೋರ್ ಹಾಕಿದ್ರೆ ವೇರಿಯಬಲ್. ಹೀಗೆ:

```
ತಂದೆ(ಪಾಂಡು,ಅರ್ಜುನ).
ತಂದೆ(ಅರ್ಜುನ,ಅಭಿಮನ್ಯು).
ತಂದೆ(ಅಭಿಮನ್ಯು,ಪರೀಕ್ಷಿತ).
ತಾತ(_ಅ,_ಇ):-ತಂದೆ(_ಅ,_ಉ),ತಂದೆ(_ಉ,_ಇ).
```

ನಾಲ್ಕನೇ ಸಾಲಲ್ಲಿ `:-` ಅನ್ನೋದನ್ನ "ಯಾವಾಗ ಅಂದ್ರೆ" ಅಂತ ಓದ್ಕೊಳ್ಳಿ, ಕಾಮಾ ಅಂದ್ರೆ "ಮತ್ತು". ಈಗ `ತಾತ(_ಯಾರು,ಪರೀಕ್ಷಿತ)` ಅಂತ ಕೇಳಿದ್ರೆ ಅರ್ಜುನ ಅನ್ನುತ್ತೆ, `ತಾತ(ಪಾಂಡು,_ಯಾರು)` ಅಂತ ಕೇಳಿದ್ರೆ ಅಭಿಮನ್ಯು ಅನ್ನುತ್ತೆ. ಒಂದೇ ಸಾಲು, ಎರಡು ದಿಕ್ಕಲ್ಲೂ ಓಡ್ತು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರೋ ಹೆಚ್ಚಿನ ಉಳಿತಾಯಕ್ಕೆ ಇದೇ ಬೇರು.

ಇಲ್ಲಿ ಕೋಡೆಲ್ಲಾ ಕನ್ನಡದಲ್ಲೇ ಇರುತ್ತೆ. ರಿವರ್ಸ್ (ಪಟ್ಟಿ ತಿರುಗಿಸೋದು), ಅಪೆಂಡ್ (ಎರಡು ಪಟ್ಟಿ ಸೇರಿಸೋದು) ಥರ ಭಾಷೆ ಜೊತೆಗೇ ಬರೋ ಹೆಸರುಗಳನ್ನ ಓಡಿಸೋವಾಗ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ಬೇಕು. ಬೈಟ್ ಲೆಕ್ಕ ಕೊಡೋದೂ ಹಾಗೇ, ಎಲ್ಲವನ್ನೂ ಇಂಗ್ಲಿಷಲ್ಲಿ, ನಾವೇ ಇಡೋ ಹೆಸರುಗಳನ್ನ ಒಂದೊಂದಕ್ಷರಕ್ಕೆ ಇಳಿಸಿ ಬರೆದ್ರೆ ಎಷ್ಟಾಗುತ್ತೋ ಅಷ್ಟು, ಯಾಕಂದ್ರೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನ ಬೈಟಾಗಿ ಬರೆದಿಡೋ ಪದ್ಧತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, "ವಿ" ಅನ್ನೋದ್ರಲ್ಲಿ ವ ಬೇರೆ ಗುಡಿಸು ಬೇರೆ, ಅಲ್ಲಿಗೆ 6.

ಸರಿ, ಪದವನ್ನ `[ವಿ,ಕ,ಟ,ಕ,ವಿ]` ಥರ ಅಕ್ಷರಗಳ ಪಟ್ಟಿಯಾಗಿ ಕೊಡ್ತೀವಿ, ಚೌಕ ಬ್ರಾಕೆಟ್ ಅಂದ್ರೆ ಪಟ್ಟಿ, ಅದರಲ್ಲಿ `|` ಇದ್ರೆ ಎಡಗಡೆ ಮೊದಲಿನದು ಬಲಗಡೆ ಉಳಿದಿದ್ದು, ಬರೀ `_` ಅಂದ್ರೆ ಏನಾದ್ರೂ ಇರ್ಲಿ. ನನ್ನ ಮೊದಲ ಪ್ರೋಗ್ರಾಮ್ ಇದು:

```
ಪ([]).
ಪ([_]).
ಪ([_ಮ|_ಉ]):-ಅಪೆಂಡ್(_ಒ,[_ಮ],_ಉ),ಪ(_ಒ).
```

ಖಾಲಿ ಪಟ್ಟಿ ಆದ್ರೆ ಸರಿ, ಒಂದೇ ಅಂಶ ಇದ್ರೂ ಸರಿ, ಅದಕ್ಕಿಂತ ಜಾಸ್ತಿ ಇದ್ರೆ ಮೊದಲನೇದು ತೆಗಿ, ಕೊನೇದೂ ಅದೇನಾ ನೋಡು, ಎರಡನ್ನೂ ಕಿತ್ತು ಒಳಗಿರೋದನ್ನ ಮತ್ತೆ ಪರೀಕ್ಷೆ ಮಾಡು. 46 ಬೈಟ್. ಬೇರೆ ಯಾವ ಭಾಷೆ ಕಲಿತು ಬಂದೋರಾದ್ರೂ ಹೀಗೇ ಬರೀತಾರೆ, ಇದರಲ್ಲಿ ತಪ್ಪೇನೂ ಇಲ್ಲ, ಆದ್ರೆ ಇದು ಪೂರ್ತಿ "ಹೇಗೆ ಮಾಡ್ಬೇಕು" ಅನ್ನೋದರ ವಿವರಣೆ. ಮೊದಲು ಇದು, ಆಮೇಲೆ ಇದು, ಆಮೇಲೆ ಒಳಗೆ ಹೋಗು. ಈಗ ಸುಮ್ನೆ ಕೂತು ಕೇಳ್ಕೊಳ್ಳಿ, ಇಂಥ ಪದ ಅಂದ್ರೆ ಏನು? ತಿರುಗಿಸಿದ್ರೆ ಅದೇ ಬರೋದು. ಅದನ್ನ ಅಷ್ಟೇ ಬರೀರಿ:

```
ಪ(_ಲ):-ರಿವರ್ಸ್(_ಲ,_ಲ).
```

19 ಬೈಟ್. ರಿವರ್ಸ್‌ಗೆ ಎರಡು ಜಾಗ ಇದೆ, ಮೊದಲನೇದು ಪಟ್ಟಿ, ಎರಡನೇದು ಅದರ ತಿರುಗುಮುರುಗು. ಎರಡೂ ಕಡೆ ಒಂದೇ ವೇರಿಯಬಲ್ ಬರೆದಿದೀನಿ. ಪ್ರೊಲಾಗ್‌ನಲ್ಲಿ ಒಂದೇ ನಿಯಮದೊಳಗೆ ಒಂದೇ ವೇರಿಯಬಲ್ ಎರಡು ಕಡೆ ಬಂದ್ರೆ ಎರಡೂ ಕಡೆ ಒಂದೇ ಬೆಲೆ ಇರ್ಲೇಬೇಕು, ಹಾಗೆ ಎರಡನ್ನ ಹೊಂದಿಸೋದಕ್ಕೆ ಯೂನಿಫಿಕೇಶನ್ ಅಂತಾರೆ. ಅಂದ್ರೆ "ಇದು ಅದಕ್ಕೆ ಸಮಾನಾ" ಅನ್ನೋ ಪರೀಕ್ಷೆ ಇಲ್ಲಿ ಬಿಟ್ಟಿ ಸಿಗುತ್ತೆ, ಅದಕ್ಕೆ ಅಂತ ಒಂದು ಬೈಟೂ ಖರ್ಚಿಲ್ಲ.

ಇನ್ನೂ ಚೆಂದದ್ದು ಮುಂದಿದೆ. ಏನೂ ತುಂಬದೇ ಇರೋ ಐದು ಖಾನೆಯ ಪಟ್ಟಿ ಕೊಟ್ಟು ಇದನ್ನ ಓಡಿಸಿ:

```
ಲೆಂಗ್ತ್(_ಲ,5),ಪ(_ಲ).
```

ಹೌದು ಅಲ್ಲ ಅಂತ ಹೇಳಲ್ಲ ಅದು. ಮೊದಲನೇ ಖಾನೆ ಐದನೇ ಖಾನೆ ಒಂದೇ, ಎರಡನೇದು ನಾಲ್ಕನೇದು ಒಂದೇ, ಮಧ್ಯದ್ದು ಏನಾದ್ರೂ ಆಗ್ಬಹುದು ಅಂತ ಒಂದು ಅಚ್ಚನ್ನೇ ಕೈಗೆ ಕೊಡುತ್ತೆ. ಆ ಅಚ್ಚಿಗೆ ವಿ, ಕ, ಟ ಹಾಕಿದ್ರೆ ವಿಕಟಕವಿ, ನ, ವ, ಜೀ ಹಾಕಿದ್ರೆ ನವಜೀವನ. ಪರೀಕ್ಷೆ ಮಾಡೋಕೆ ಅಂತ ಬರೆದ ಸಾಲು ಪದ ಕಟ್ಟೋ ಅಚ್ಚಾಯ್ತು, ನಾನು ಇದನ್ನ ಮೊದಲ ಸಲ ನೋಡಿದಾಗ ರಾತ್ರಿ ಊಟಕ್ಕೆ ಏಳೋದೇ ಮರೆತು ಏಳು ಖಾನೆ, ಒಂಬತ್ತು ಖಾನೆ ಅಂತ ಕೊಟ್ಟು ನೋಡ್ತಾನೇ ಕೂತಿದ್ದೆ.

ಇನ್ನೆರಡು ಬೈಟ್ ಉಳಿದಿದ್ದು ಹೆಸರಿಂದ. `ಪ(_ಲ)` ಅಂತ ಬರೆಯೋಕೆ ಎರಡು ಬ್ರಾಕೆಟ್ ಬೇಕು. ಆದ್ರೆ ಪ್ರೊಲಾಗ್‌ಗೆ ಕೂಡೋ ಕಳೆಯೋ ಚಿಹ್ನೆಗಳೂ ಬರೀ ಹೆಸರುಗಳೇ, ಅವುಗಳಿಗೆ ತಾವಾಗೇ ಲೆಕ್ಕ ಮಾಡೋ ಬುದ್ಧಿ ಇಲ್ಲ. ಹಾಗಾಗಿ ನಮ್ಮ ನಿಯಮಕ್ಕೆ ಮೈನಸ್ ಅಂತಲೇ ಹೆಸರಿಡಬಹುದು:

```
-_ಲ:-ರಿವರ್ಸ್(_ಲ,_ಲ).
```

ಅಲ್ಲಿಗೆ 17. ಎರಡು ಜಾಗ ಇರೋ ನಿಯಮಕ್ಕಾದ್ರೆ ಉಳಿತಾಯ ಇನ್ನೂ ಜಾಸ್ತಿ, ಬ್ರಾಕೆಟ್ ಕಾಮಾ ಎಲ್ಲಾ ಸೇರಿ 6 ಬೈಟ್ ಆಗೋ ಜಾಗಕ್ಕೆ `_ಅ+_ಇ` ಅಂತ 3 ಬೈಟ್, ಕರೆದಾಗೆಲ್ಲಾ ಈ ಮೂರು ಬೈಟ್ ಮತ್ತೆ ಮತ್ತೆ ಉಳಿಯುತ್ತೆ. ಮೂರು ಜಾಗ ಬೇಕಾದ್ರೆ `_ಅ+_ಇ+_ಉ`. ಕಾಮಾ, ಸಮ ಚಿಹ್ನೆ ಥರದವುಗಳಿಗೆ ಮಾತ್ರ ಕೈ ಹಾಕೋಕೆ ಬಿಡಲ್ಲ, ಅವು ಭಾಷೆಯ ಸ್ವಂತದ್ದು.

ಇನ್ನೊಂದು ಸಣ್ಣ ವಿಷಯ ಇಲ್ಲೇ ಹೇಳಿ ಮುಗಿಸ್ತೀನಿ. ಒಂದು ನಿಯಮದ ಕೊನೇ ಚುಕ್ಕಿಗೂ ಮುಂದಿನ ನಿಯಮಕ್ಕೂ ಮಧ್ಯ ಒಂದು ಸ್ಪೇಸೋ ಹೊಸ ಸಾಲೋ ಬೇಕೇ ಬೇಕು, ಇಲ್ಲಾಂದ್ರೆ ಅದು ಕೊನೆ ಅಂತ ಗೊತ್ತಾಗಲ್ಲ, ನನ್ನ 46ರಲ್ಲಿ ಎರಡು ಬೈಟ್ ಬರೀ ಹೊಸ ಸಾಲಿಗೆ ಹೋಗಿತ್ತು. ಅದಕ್ಕೇ ಒಂದೇ ತಲೆ (`:-` ಎಡಗಡೆ ಇರೋ ಭಾಗ) ಇರೋ ಎರಡು ನಿಯಮ ಇದ್ರೆ ಮಧ್ಯ ಸೆಮಿಕೋಲನ್ ಹಾಕಿ ಒಂದು ಮಾಡ್ಬೇಕು, ಸೆಮಿಕೋಲನ್ ಅಂದ್ರೆ "ಅಥವಾ". ತಲೆಯಲ್ಲಿ ಒಂದು ವೇರಿಯಬಲ್ ಇದ್ರೆ ಒಂದೇಟಿಗೆ 7 ಬೈಟ್ ಉಳಿಯುತ್ತೆ. ಸಮಸಂಖ್ಯೆನಾ ಅಂತ ನೋಡೋಕೆ ಭಾಗಿಸಿ ಶೇಷ ನೋಡೋ ಬದಲು `_ನ/\1<1` ಅಂತ ಕೊನೇ ಬಿಟ್ (ಬೈನರಿಯಲ್ಲಿ ಬರೆದಾಗಿನ ಕೊನೇ ಅಂಕಿ) ನೋಡಿದ್ರೆ 6 ಬೈಟಲ್ಲಿ ಮುಗೀತು. ಇಂಥವು ಹುಡುಕಿದ್ರೆ ನೂರು ಸಿಗುತ್ತೆ, ಬೇಕಾದಾಗ ಕಲಿಯಬಹುದು.

ಅಪೆಂಡ್ ಬಗ್ಗೆ ಮಾತ್ರ ನಿಂತು ಹೇಳ್ಲೇಬೇಕು. ಹೆಸರು ನೋಡಿ ಎರಡು ಪಟ್ಟಿ ಸೇರಿಸೋದು ಅನ್ಕೋತೀವಿ, ಆದ್ರೆ ಗಾಲ್ಫ್ ಆಡೋರು ಅದನ್ನ ಸೇರಿಸೋಕೆ ಬಳಸೋದು ಕಮ್ಮಿ, ಒಡೆಯೋಕೆ ಬಳಸೋದೇ ಹೆಚ್ಚು. `ಅಪೆಂಡ್(_ಅ,_ಇ,[ಉಪ್ಪು,ಹುಳಿ,ಖಾರ])` ಅಂತ ಕೇಳಿ, ಯಾವೆರಡನ್ನ ಸೇರಿಸಿದ್ರೆ ಈ ಪಟ್ಟಿ ಬರುತ್ತೆ ಅಂತ ಹಿಂದಿನಿಂದ ಯೋಚನೆ ಮಾಡಿ ನಾಲ್ಕು ಉತ್ತರ ಕೊಡುತ್ತೆ: ಏನೂ ಇಲ್ಲ ಮತ್ತು ಮೂರೂ, ಉಪ್ಪು ಮತ್ತು ಉಳಿದೆರಡು, ಹೀಗೆ. ಒಂದು ಉತ್ತರ ಬೇಡ ಅಂದ್ರೆ ಹಿಂದಕ್ಕೆ ಬಂದು ಇನ್ನೊಂದು ಕೊಡುತ್ತೆ, ಬ್ಯಾಕ್‌ಟ್ರ್ಯಾಕಿಂಗ್ ಅನ್ನೋದು ಇದನ್ನೇ. ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಸಾಲು) ಬರೆಯೋ ಅಗತ್ಯವೇ ಇಲ್ಲ, ಹುಡುಕಾಟವೇ ಲೂಪ್.

ಇದರ ಜೊತೆ ಒಂದೇ ವೇರಿಯಬಲ್ ಎರಡು ಸಲ ಬರೆಯೋ ಉಪಾಯ ಸೇರಿಸಿ:

```
ಅಪೆಂಡ್(_,[_ಕ,_ಕ|_],_ಲ)
```

ಪಟ್ಟಿಯಲ್ಲಿ ಎಲ್ಲಾದ್ರೂ ಅಕ್ಕಪಕ್ಕ ಒಂದೇ ಥರದ ಎರಡು ಅಂಶ ಇದೆಯಾ? 19 ಬೈಟ್. ಮುಂದೆ ಏನಾದ್ರೂ ಇರ್ಲಿ, ಆಮೇಲೆ ಒಂದೇ ಥರದ್ದು ಎರಡು, ಆಮೇಲೆ ಏನಾದ್ರೂ ಇರ್ಲಿ. ಬಾಯಲ್ಲಿ ಹೇಳಿದಂಗೇ ಬರೆದಿರೋದು. ಎರಡೇ ಜಾಗ ಇರೋ ಅಪೆಂಡ್ ಒಂದಿದೆ, ಅದು ಪಟ್ಟಿಗಳ ಪಟ್ಟಿ ತಗೊಂಡು ಎಲ್ಲಾ ಸೇರಿಸುತ್ತೆ, ಅದನ್ನ ಹಿಂದುಮುಂದಾಗಿ ಓಡಿಸಿದ್ರೆ `ಅಪೆಂಡ್([_,_ತ,_],_ಲ)`, ಪಟ್ಟಿಯ ಎಲ್ಲಾ ತುಂಡುಗಳೂ ಒಂದೊಂದಾಗಿ `_ತ`ಗೆ ಬರುತ್ತೆ, 17 ಬೈಟಲ್ಲಿ. ಎರಡು ಸಲ ಅಪೆಂಡ್ ಬರೆದಿದ್ರೆ 27 ಆಗ್ತಿತ್ತು. ಉಪ್ಪು ಹುಳಿ ಖಾರಕ್ಕೆ ಹತ್ತು ಉತ್ತರ ಬರುತ್ತೆ, ಅದರಲ್ಲಿ ನಾಲ್ಕು ಖಾಲಿ ತುಂಡುಗಳು, ಅದನ್ನ ಮರೆತ್ರೆ ಲೆಕ್ಕ ತಪ್ಪುತ್ತೆ, ಹುಷಾರು.

ಈಗ ನನಗೆ ಇಡೀ ಒಂದು ಭಾನುವಾರ ತಿಂದ ವಿಷಯ. ಎನ್ ಸಲ ನಕ್ಷತ್ರ ಪ್ರಿಂಟ್ ಮಾಡ್ಬೇಕು ಅಂತಿಟ್ಕೊಳ್ಳಿ. ಎಲ್ರೂ ಬರೆಯೋದು ಹೀಗೆ:

```
ಫ(_ನ):-_ನ>0,ರೈಟ್(*),_ಮ ಈಸ್ _ನ-1,ಫ(_ಮ).
```

33 ಬೈಟ್. ಇದರಲ್ಲಿ "ರೈಟ್" ಅನ್ನೋದು ಪ್ರಿಂಟ್ ಮಾಡುತ್ತೆ, "ಈಸ್" ಅನ್ನೋದು ಬಲಗಡೆ ಲೆಕ್ಕ ಮಾಡಿ ಎಡಗಡೆಗೆ ಕೊಡುತ್ತೆ. ಆದ್ರೆ ಅದನ್ನ ಬಿಟ್ಟೇ ಬಿಡಬಹುದು:

```
ಫ(_ನ):-_ನ>0,ರೈಟ್(*),ಫ(_ನ-1).
```

26 ಬೈಟ್, ತಲೆಗೆ ಮೈನಸ್ ಹೆಸರಿಟ್ರೆ 24. ಕೆಲಸ ಸರಿಯಾಗೇ ಮಾಡುತ್ತೆ. ಇದು ಹೆಂಗೆ ಸಾಧ್ಯ ಅಂದ್ರೆ, ಪ್ರೊಲಾಗ್‌ನಲ್ಲಿ 3-1 ಅಂತ ಬರೆದ್ರೆ ಅದು 2 ಅಲ್ಲ. ಅದು "ಮೂರರಿಂದ ಒಂದು ಕಳೆ" ಅನ್ನೋ ಒಂದು ಬರಹ ಅಷ್ಟೇ. ಕಿರಾಣಿ ಅಂಗಡಿ ಉದ್ರಿ ಪುಸ್ತಕದಲ್ಲಿ ಬರೆದಿಡ್ತಾರಲ್ಲ, ಸಕ್ಕರೆ ಇಷ್ಟು, ಬೇಳೆ ಇಷ್ಟು ಅಂತ ಸಾಲಾಗಿ, ಮೊತ್ತ ಹಾಕೋದು ದುಡ್ಡು ಕೊಡೋಕೆ ಹೋದಾಗಲೇ, ಹಾಗೆ. `>` ಅನ್ನೋದು ಆ ದುಡ್ಡು ಕೊಡೋ ಗಳಿಗೆ, ಅದು ಎರಡೂ ಕಡೆ ಮೊತ್ತ ಹಾಕಿ ಹೋಲಿಸುತ್ತೆ. ಹಾಗಾಗಿ 3, 3-1, 3-1-1 ಅಂತ ಬರಹ ಉದ್ದ ಆಗ್ತಾ ಹೋದ್ರೂ ಹೋಲಿಕೆ ಪ್ರತಿ ಸಲ ಸರಿಯಾಗೇ ಬರುತ್ತೆ.

ನಾನು ಎಡವಿದ್ದು ಇಲ್ಲೇ. ನಕ್ಷತ್ರದ ಬದಲು ಅಂಕಿ ಪ್ರಿಂಟ್ ಮಾಡ್ಬೇಕಿತ್ತು, ಇದೇ ಉಪಾಯ ಹಾಕ್ದೆ, ಪರದೆ ಮೇಲೆ 3 ಬಂತು, ಆಮೇಲೆ 3-1 ಬಂತು, ಆಮೇಲೆ 3-1-1. ರೈಟ್‌ಗೆ ಮೊತ್ತ ಹಾಕೋ ಅಭ್ಯಾಸ ಇಲ್ಲ, ಪುಸ್ತಕದಲ್ಲಿ ಏನಿದೆಯೋ ಅದನ್ನೇ ಓದುತ್ತೆ. ಅದಾದ್ಮೇಲೆ ನಿಲ್ಲಿಸೋಕೆ ಅಂತ `ಫ(0).` ಅನ್ನೋ ಸಾಲು ಸೇರಿಸ್ದೆ, ಅದೂ ಕೆಲಸ ಮಾಡ್ಲಿಲ್ಲ, ಯಾಕಂದ್ರೆ 3-1-1-1 ಅನ್ನೋ ಬರಹ 0 ಅನ್ನೋ ಅಂಕಿ ಜೊತೆ ಹೊಂದಲ್ಲ, ಯೂನಿಫಿಕೇಶನ್ ಆಕಾರ ನೋಡುತ್ತೆ, ಬೆಲೆ ನೋಡಲ್ಲ. ಕಾರಣ ಹೊಳೆಯೋಕೆ ಸಂಜೆ ಆಯ್ತು, ಆದ್ರೆ ಅವತ್ತು ತಿಳಿದಿದ್ದು ಇವತ್ತಿಗೂ ಕೆಲಸದಲ್ಲಿ ಬಳಕೆಗೆ ಬರುತ್ತೆ. ಇದಕ್ಕೊಂದು ಬೆಲೆಯೂ ಇದೆ: ಪ್ರತಿ ಹೆಜ್ಜೆಯಲ್ಲೂ ಮೊದಲಿಂದ ಕಳೀತಾ ಬರ್ಬೇಕು, 10,000 ಸಲ ಓಡಿಸಿದ್ರೆ ಸುಮಾರು 5 ಕೋಟಿ ಕಳೆಯೋ ಲೆಕ್ಕ ಆಗುತ್ತೆ. ಗಾಲ್ಫಲ್ಲಿ ವೇಗ ಯಾರೂ ಕೇಳಲ್ಲ, ಅದಕ್ಕೇ ಇಲ್ಲಿ ನಡೆಯುತ್ತೆ. ಕೊನೇಲಿ ಸೋತೆ ಅಂತ ಹೇಳಿ ನಿಲ್ಲುತ್ತೆ ಅನ್ನೋದನ್ನೂ ಗಮನಿಸಿ, ನಕ್ಷತ್ರ ಎಲ್ಲಾ ಬಂದಿರುತ್ತೆ, ಆದ್ರೆ `_ನ>0` ಸುಳ್ಳಾದಾಗ ಇಡೀ ಪ್ರಶ್ನೆ ಸುಳ್ಳಾಗುತ್ತೆ, ಸ್ಪರ್ಧೆಯ ನಿಯಮ ಅದನ್ನ ಒಪ್ಪುತ್ತಾ ನೋಡ್ಕೋಬೇಕು.

ಪ್ರೊಲಾಗ್ ಹುಟ್ಟಿದ್ದೇ ಫ್ರೆಂಚ್ ಭಾಷೆಯ ವಾಕ್ಯಗಳನ್ನ ಕಂಪ್ಯೂಟರಿಗೆ ಅರ್ಥ ಮಾಡ್ಸೋ ಕೆಲಸದಲ್ಲಿ, ಹಾಗಾಗಿ ವ್ಯಾಕರಣ ಬರೆಯೋಕೆ ಅಂತ ಅದಕ್ಕೊಂದು ಬೇರೆ ಬಾಣವೇ ಇದೆ, `-->`. ಬ್ರಾಕೆಟ್‌ಗಳು ಸರಿಯಾಗಿ ತೆರೆದು ಮುಚ್ಚಿವೆಯಾ ಅಂತ ನೋಡೋ ಪ್ರೋಗ್ರಾಮನ್ನ ಪೂರ್ತಿ ಬರೀರಿ:

```
ಸ-->[];"(",ಸ,")",ಸ.
```

19 ಬೈಟ್. ಒಂದೋ ಏನೂ ಇಲ್ಲ, ಇಲ್ಲಾ ತೆರೆಯೋ ಬ್ರಾಕೆಟ್, ಒಳಗೆ ಸರಿಯಾದದ್ದು, ಮುಚ್ಚೋ ಬ್ರಾಕೆಟ್, ಮುಂದೆ ಸರಿಯಾದದ್ದು. ಇದನ್ನ ಬಾಣ ಇಲ್ಲದೆ ಬರೆದ್ರೆ ಎಷ್ಟು ಓದಾಯ್ತು, ಎಷ್ಟು ಬಾಕಿ ಇದೆ ಅನ್ನೋ ಎರಡು ವೇರಿಯಬಲ್‌ಗಳನ್ನ ಪ್ರತಿಯೊಂದರ ಕೈಯಿಂದ ಕೈಗೆ ದಾಟಿಸ್ಬೇಕು, 40 ಬೈಟ್ ಆಗುತ್ತೆ. ಬಾಣ ಆ ಎರಡನ್ನೂ ಹಿಂದೆ ಬಚ್ಚಿಟ್ಕೊಂಡು ತಾನೇ ದಾಟಿಸುತ್ತೆ. ಯಾವುದಾದ್ರೂ ಸಮಸ್ಯೆಯಲ್ಲಿ ಎರಡು ಬೆಲೆಗಳು ಒಂದರಿಂದ ಒಂದಕ್ಕೆ ಹರಿದು ಹೋಗ್ತಿದ್ರೆ, ವ್ಯಾಕರಣಕ್ಕೆ ಸಂಬಂಧವೇ ಇಲ್ದಿದ್ರೂ ಗಾಲ್ಫ್ ಆಡೋರು ಈ ಬಾಣ ಹಾಕಿ ನೋಡ್ತಾರೆ.

ಇದನ್ನೂ ಹಿಂದುಮುಂದಾಗಿ ಓಡಿಸಬಹುದು. ಆರು ಖಾನೆಯ ಖಾಲಿ ಪಟ್ಟಿ ಕೊಟ್ರೆ ಐದೇ ಐದು ಉತ್ತರ ಬರುತ್ತೆ, ಎಂಟು ಖಾನೆ ಕೊಟ್ರೆ 14, ಗಣಿತದೋರು ಕ್ಯಾಟಲಾನ್ ಸಂಖ್ಯೆ ಅನ್ನೋದು ಇವನ್ನೇ. ಆದ್ರೆ ಉದ್ದ ಹೇಳದೇ ಬಿಟ್ರೆ `()`, `()()`, `()()()` ಅಂತ ಬಲಗಡೆ ಬೆಳೀತಾನೇ ಹೋಗುತ್ತೆ, `(())` ಯಾವತ್ತೂ ಬರಲ್ಲ. ಪ್ರೊಲಾಗ್ ಒಂದು ದಾರಿ ಹಿಡಿದ್ರೆ ಅದರ ಕೊನೆ ಮುಟ್ಟೋವರೆಗೂ ವಾಪಸ್ ಬರಲ್ಲ, ಈ ದಾರಿಗೆ ಕೊನೆಯೇ ಇಲ್ಲ. ಮುಂದೆ ಒಂದು ಲೆಂಗ್ತ್ ಹಾಕಿ ಉದ್ದ ಕಟ್ಟಿಹಾಕಿದ್ರೆ ಆಯ್ತು.

ಕೊವಾಲ್ಸ್ಕಿ 1979ರಲ್ಲಿ ಅಲ್ಗಾರಿದಮ್ ಅಂದ್ರೆ ಲಾಜಿಕ್ ಜೊತೆಗೆ ಕಂಟ್ರೋಲ್ ಅಂತ ಬರೆದ್ರು. ನನಗೆ ಅದು ಸರಿಯಾಗಿ ಅರ್ಥ ಆಗಿದ್ದು ಗಾಲ್ಫ್ ಆಡೋಕೆ ಶುರು ಮಾಡಿದ್ಮೇಲೆ. ನಾನು ಅಳಿಸಿದ ಬೈಟೆಲ್ಲಾ ಹೆಚ್ಚುಕಮ್ಮಿ ಕಂಟ್ರೋಲಿಗೆ ಸೇರಿದ್ದು, ಉಳಿದಿದ್ದು ಲಾಜಿಕ್. ಆದ್ರೆ ಒಂದು ಕಡೆ ಇದು ಉಲ್ಟಾ ಹೊಡೆಯುತ್ತೆ, ಅದು ಕಟ್, ಆಶ್ಚರ್ಯ ಚಿಹ್ನೆ, `!`. ಒಂದೇ ಬೈಟ್. "ಇಲ್ಲಿವರೆಗೆ ಬಂದ್ಯಲ್ಲ, ಇನ್ನು ಬೇರೆ ದಾರಿ ನೋಡ್ಬೇಡ" ಅಂತ ಅರ್ಥ. ಎರಡರಲ್ಲಿ ದೊಡ್ಡದು ಯಾವುದು ಅಂತ ಹೇಳೋಕೆ:

```
ದೊಡ್ಡ(_ಅ,_ಇ,_ಅ):-_ಅ>=_ಇ,!.
ದೊಡ್ಡ(_,_ಇ,_ಇ).
```

`ದೊಡ್ಡ(5,3,_ಏನು)` ಅಂತ ಕೇಳಿದ್ರೆ 5, ಸರಿ. ಈಗ `ದೊಡ್ಡ(5,3,3)` ಅಂತ ಕೇಳಿ. ಹೌದು ಅನ್ನುತ್ತೆ! ಐದು ಮತ್ತು ಮೂರರಲ್ಲಿ ದೊಡ್ಡದು ಮೂರಂತೆ. ಮೊದಲ ಸಾಲಿನ ತಲೆಗೆ 5, 3, 3 ಹೊಂದಲ್ಲ, ಹಾಗಾಗಿ ಕಟ್‌ವರೆಗೆ ಹೋಗೋದೇ ಇಲ್ಲ, ಎರಡನೇ ಸಾಲಿಗೆ ಬಂದು ಹೊಂದಿಕೊಳ್ಳುತ್ತೆ. ಗಾಲ್ಫಲ್ಲಿ ಕೇಳಿದ ದಿಕ್ಕಲ್ಲಿ ಸರಿ ಬಂದ್ರೆ ಸಾಕು, ಅದಕ್ಕೇ ಎಲ್ರೂ ಧಾರಾಳವಾಗಿ ಕಟ್ ಹಾಕ್ತಾರೆ, ನಾನೂ ಹಾಕ್ತೀನಿ. ಆದ್ರೆ ಕಟ್ ಹಾಕಿದ ಕ್ಷಣ ಆ ನಿಯಮ ಎರಡು ದಿಕ್ಕಲ್ಲಿ ಓಡೋ ಶಕ್ತಿ ಕಳ್ಕೊಳ್ಳುತ್ತೆ, ಬೈಟ್ ಸಮ ಇದ್ರೆ ನಾನು ಯಾವಾಗ್ಲೂ ಕಟ್ ಇಲ್ಲದ ರೂಪವನ್ನೇ ಇಟ್ಕೊಳ್ಳೋದು.

ಲೆಕ್ಕವೂ ಎರಡು ದಿಕ್ಕಲ್ಲಿ ಓಡ್ಬೇಕು ಅಂದ್ರೆ ಸಿಎಲ್‌ಪಿಎಫ್‌ಡಿ ಅನ್ನೋ ಲೈಬ್ರರಿ (ಮೊದಲೇ ಬರೆದಿಟ್ಟ ಕೋಡ್) ಇದೆ, `_ನ*_ನ#=144` ಅಂದ್ರೆ 12 ಅಥವಾ -12 ಅಂತ ಅದೇ ಹೇಳುತ್ತೆ, "ಈಸ್" ಆಗಿದ್ರೆ ಬೆಲೆ ಗೊತ್ತಿಲ್ಲ ಅಂತ ಎರರ್ ಕೊಡ್ತಿತ್ತು. ತೊಂದರೆ ಏನಂದ್ರೆ ಲೈಬ್ರರಿ ಕರೆಯೋ ಸಾಲಿಗೇ 29 ಬೈಟ್, ಚೌಕ ಬ್ರಾಕೆಟ್ ರೂಪದಲ್ಲಿ ಬರೆದ್ರೆ 19. ಸಣ್ಣ ಸಮಸ್ಯೆಗೆ ಅದು ದುಬಾರಿ. ಈ ಖರ್ಚೆಲ್ಲಾ ತೆಗೆದು ಹಾಕೋಕೆ ಅಂತಲೇ ಪ್ರೊಲಾಗ್ ಮೇಲೆ ಬ್ರಾಕಿಲಾಗ್ ಅನ್ನೋ ಭಾಷೆ ಕಟ್ಟಿದಾರೆ, ಅದರಲ್ಲಿ ಲೈಬ್ರರಿ ಮೊದಲೇ ಒಳಗಿರುತ್ತೆ, ಒಂದೊಂದು ಚಿಹ್ನೆಗೆ ಒಂದೇ ಬೈಟ್ ಆಗೋ ಹಾಗೆ ಅದರದ್ದೇ ಅಕ್ಷರಪಟ್ಟಿ ಇದೆ. ವಿಕಟಕವಿ ಪರೀಕ್ಷೆ ಅಲ್ಲಿ `↔?` ಅಷ್ಟೇ, ಎರಡು ಬೈಟ್: ಬಂದಿದ್ದನ್ನ ತಿರುಗಿಸು, ಅದು ಬಂದಿದ್ದೇ ಆಗಿರ್ಲಿ. ಸರಿಯಾಗಿ ನೋಡಿದ್ರೆ ನಮ್ಮ 17 ಬೈಟಿನ ಸಾಲೂ ಇದೇ ಮಾತನ್ನೇ ಹೇಳ್ತಿರೋದು.

ಕೊನೇದಾಗಿ, ನಾನು ಈಗ ಕೂತಿರೋದು ಇದರ ಮೇಲೆ. ಮೇಲೆ ಪಟ್ಟಿ ಅಂತ ಹೇಳಿದಾಗೆಲ್ಲಾ ನಾನೇ `[ವಿ,ಕ,ಟ,ಕ,ವಿ]` ಅಂತ ಅಕ್ಷರ ಬಿಡಿಸಿ ಕೊಟ್ಟಿದ್ದು. ವಿಕಟಕವಿ ಅನ್ನೋ ಪದವನ್ನ ಹಾಗೇ ಕೊಟ್ರೆ ಪ್ರೊಲಾಗ್ ಅದನ್ನ ಯುನಿಕೋಡ್ (ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡೋ ಪದ್ಧತಿ) ಪ್ರಕಾರ ಏಳು ತುಂಡು ಮಾಡುತ್ತೆ, ವ, ಗುಡಿಸು, ಕ, ಟ, ಕ, ವ, ಗುಡಿಸು. ತಿರುಗಿಸಿದ್ರೆ ಗುಡಿಸು ಮೊದಲು ಬರುತ್ತೆ, ಸಮ ಅಲ್ಲ ಅನ್ನುತ್ತೆ. ಕನಕ ಪಾಸಾಗುತ್ತೆ, ವಿಕಟಕವಿ ಫೇಲಾಗುತ್ತೆ! ಹಾಗಾಗಿ ಮೊದಲು ಅಕ್ಷರ ಒಟ್ಟುಗೂಡಿಸ್ಬೇಕು, ಅದಕ್ಕೆ ಮೇಲಿನ ಬಾಣದ ವ್ಯಾಕರಣವೇ ಸರಿ. ಒಂದು ಅನುಕೂಲ ಇದೆ, ಯುನಿಕೋಡಲ್ಲಿ ಕ 3221, ಹ 3257, ಗುಣಿತದ ಚಿಹ್ನೆಗಳು ಅದರ ನಂತರ 3262ರಿಂದ ಶುರು, ಹಾಗಾಗಿ ಇದು ಅಕ್ಷರಕ್ಕೆ ಅಂಟೋ ಚಿಹ್ನೆನಾ ಅಂತ ನೋಡೋಕೆ `_ಚ>3261` ಅನ್ನೋ ಒಂದೇ ಹೋಲಿಕೆ ಸಾಕು, ವಿಕಟಕವಿ, ನವಜೀವನ ಎರಡೂ ಅಷ್ಟಕ್ಕೇ ಪಾಸಾಗುತ್ತೆ. ಆದ್ರೆ ಅನುಸ್ವಾರ 3202, ವಿಸರ್ಗ 3203, ಅವೆರಡೂ ಅಕ್ಷರಗಳ ಆ ಕಡೆ ಕೂತಿವೆ, ಅದಕ್ಕೊಂದು ಹೋಲಿಕೆ ಬೇರೆ. ಒತ್ತಕ್ಷರ ಬಂದ್ರೆ 3277ರ ಅರ್ಧಾಕ್ಷರದ ಚಿಹ್ನೆ ಆದ್ಮೇಲೆ ಬರೋ ವ್ಯಂಜನವೂ ಹಿಂದಿನದಕ್ಕೇ ಸೇರ್ಬೇಕು, ಅದು ವ್ಯಾಕರಣದಲ್ಲಿ ತನ್ನನ್ನೇ ತಾನು ಕರೆಯೋ ಒಂದು "ಅಥವಾ". ಆ ಅನುಸ್ವಾರದ ಹೋಲಿಕೆಯನ್ನೂ ಈ ಒತ್ತಿನ ದಾರಿಯನ್ನೂ ಒಂದೇ ಸೆಮಿಕೋಲನ್ ಒಳಗೆ ಕೂರಿಸೋಕೆ ನೋಡ್ತಿದೀನಿ, ಇನ್ನೂ ಕೂತಿಲ್ಲ.